ಮುಂದಿನ ಕಂತಿನ ತನಕ

ಕಥೆ ಕೇಳಿದವನು ಸುಮ್ಮನಿರಲಾರ. ಇದು ಇಂದು ನಿನ್ನೆಯ ಮಾತಲ್ಲ. ಹರಿಕಥೆ ಮುಗಿಸಿಕೊಂಡು ಮನೆಗೆ ಮರಳುವಾಗ ದಾರಿಯುದ್ದಕ್ಕೂ ಕೈಕೇಯಿಯನ್ನು ಬಯ್ಯುತ್ತ ಬರುವವರು ಹಿಂದೆಯೂ ಇದ್ದರು; ಬಯಲಾಟದ ಮರುದಿನ ಅರಳಿಕಟ್ಟೆಯ ಮೇಲೆ ಕುಳಿತು ದುರ್ಯೋಧನನ ಪರವಾಗಿ ವಾದಿಸುವವರೂ ಇದ್ದರು. ವಾರಪತ್ರಿಕೆಗಳಲ್ಲಿ ಕಾದಂಬರಿಗಳು ಧಾರಾವಾಹಿಯಾಗಿ ಬರತೊಡಗಿದ ಮೇಲೆ, ಕಥಾನಾಯಕಿಗೆ ಈ ವಾರ ಏನಾಯಿತೆಂದು ಪಕ್ಕದ ಮನೆಯ ಪತ್ರಿಕೆಗಾಗಿ ಕಾದು ಕುಳಿತವರ ಸಂಖ್ಯೆ ಕಡಮೆಯದಲ್ಲ. ದೂರದರ್ಶನ ಬಂದಾಗ ಈ ಗುಣ ಹೊಸದಾಗಿ ಹುಟ್ಟಲಿಲ್ಲ. ಕಟ್ಟೆಯಿಂದ ನಡುಮನೆಗೆ ಬಂದಿತು, ಅಷ್ಟೆ.

ನಾನು ವಿಮರ್ಶಕನಲ್ಲ, ಅಭಿಮಾನಿ. ಇಬ್ಬರಿಗೂ ಭೇದವುಂಟು. ವಿಮರ್ಶಕನ ಕೆಲಸ ಕಥೆಯೆಲ್ಲ ಮುಗಿದ ಮೇಲೆ ಪ್ರಾರಂಭವಾಗುತ್ತದೆ. ಅಭಿಮಾನಿಗಾದರೋ ಪ್ರತಿಯೊಂದು ಕಂತಿಗೂ ಕೆಲಸವಿದೆ. ‘ಕಂತು’ ಎಂಬ ಪದವನ್ನೇ ನೋಡಿರಿ. ಸಾಲಗಾರರೆಲ್ಲ ಚೆನ್ನಾಗಿ ಬಲ್ಲ ಪದ ಅದು. ಕಥೆ ಹೇಳುವವನು ಪ್ರತಿ ಸಲವೂ ನಮಗೆ ಒಂದಿಷ್ಟು ಬಾಕಿ ಉಳಿಸಿಕೊಂಡೇ ಹೋಗುತ್ತಾನೆ. ಆ ಬಾಕಿ ತೀರುವವರೆಗೆ ನಾವು ಮಾತನಾಡುತ್ತೇವೆ, ಜಗಳವಾಡುತ್ತೇವೆ, ನ್ಯಾಯ ತೀರ್ಮಾನ ಮಾಡುತ್ತೇವೆ. ಈ ಮಾತುಕತೆ ಬರಿಯ ಕಾಲಹರಣವೆಂದು ಹಲವರು ಹೇಳಿದ್ದುಂಟು. ನನಗೆ ಹಾಗೆ ತೋರುವುದಿಲ್ಲ. ಕಂತಿಗೂ ಕಂತಿಗೂ ನಡುವೆ ನೋಡುವವರು ಆಡುವ ಮಾತು ಕಥೆಯ ಅರ್ಧಭಾಗವೆಂದೇ ನನ್ನ ಭಾವನೆ. ಕೆಲವು ಉದಾಹರಣೆಗಳನ್ನು ಕೊಡುತ್ತೇನೆ, ಕೇಳಿರಿ.

1984ರ ಜುಲೈ ತಿಂಗಳಲ್ಲಿ ‘ಹಮ್ ಲೋಗ್’ ಪ್ರಾರಂಭವಾಯಿತು. ಬರೆದವರು ಮನೋಹರ ಶ್ಯಾಮ ಜೋಶಿ. ಕುಡುಕ ತಂದೆ, ತಾಳ್ಮೆಯ ತಾಯಿ, ಅಜ್ಜ, ಅಜ್ಜಿ, ಐವರು ಮಕ್ಕಳು. ಇದು ಆ ಮನೆ. ಪ್ರತಿ ಕಂತಿನ ಕೊನೆಯಲ್ಲಿ ನಟ ಅಶೋಕ್ ಕುಮಾರ್ ಬಂದು, ನೀವು ಈಗ ನೋಡಿದ್ದು ಏನು, ಅದನ್ನು ಕುರಿತು ನಿಮ್ಮ ಅಭಿಪ್ರಾಯವೇನು ಎಂದು ಮನೆಯ ಹಿರಿಯರಂತೆ ವಿಚಾರಿಸುತ್ತಿದ್ದರು. ಜನರು ಉತ್ತರ ಬರೆದರು. ಪತ್ರಗಳು ರಾಶಿರಾಶಿಯಾಗಿ ಬಂದವು. ಆದರೆ ಸ್ವಾರಸ್ಯವಿರುವುದು ಬೇರೆಡೆ. ಕುಟುಂಬ ಯೋಜನೆ, ಸ್ತ್ರೀಯರ ಸ್ಥಾನಮಾನ ಮೊದಲಾದ ವಿಷಯಗಳನ್ನು ಜನರಿಗೆ ತಿಳಿಸಬೇಕೆಂಬುದು ಆ ಧಾರಾವಾಹಿಯ ಉದ್ದೇಶವಾಗಿತ್ತು. ಎಲ್ಲವನ್ನೂ ಸಹಿಸಿಕೊಳ್ಳುವ ತಾಯಿ ಭಾಗವಂತಿಯನ್ನು, ‘ಹೀಗೆ ಬಾಳಬೇಕಾಗಿಲ್ಲ’ ಎಂದು ತೋರಿಸುವುದಕ್ಕಾಗಿ ಚಿತ್ರಿಸಿದ್ದರು. ನೋಡಿದ ಹೆಂಗಸರಲ್ಲಿ ಅನೇಕರು ಅವಳನ್ನೇ ಮೆಚ್ಚಿಕೊಂಡರು! ಮುಂದೆ ಈ ಧಾರಾವಾಹಿಯನ್ನು ಅಧ್ಯಯನ ಮಾಡಿದ ವಿದ್ವಾಂಸರಿಗೂ ಇದು ಆಶ್ಚರ್ಯ ತಂದಿತು. ಉಪದೇಶ ಮಾಡುವವನ ಬಾಯಿಂದ ಹೊರಟ ಮಾತು ಕೇಳುವವನ ಕಿವಿಗೆ ಅದೇ ರೂಪದಲ್ಲಿ ತಲಪುತ್ತದೆಂಬ ಭರವಸೆಯೇನೂ ಇಲ್ಲವಷ್ಟೆ.

ಇನ್ನು ನನಗೆ ಅತ್ಯಂತ ಪ್ರಿಯವಾದ ‘ಮಾಲ್ಗುಡಿ ಡೇಸ್’. ಆರ್. ಕೆ. ನಾರಾಯಣರ ಕಥೆಗಳು, ಶಂಕರ್ ನಾಗ್ ಅವರ ನಿರ್ದೇಶನ, ಎಲ್. ವೈದ್ಯನಾಥನ್ ಅವರ ಸಂಗೀತ, ಆಗುಂಬೆಯ ಮಳೆ, ಹಳೆಯ ತೊಟ್ಟಿಮನೆ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ತಂದೆಯಾಗಿ ಗಿರೀಶ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ಊರು ನಮ್ಮದು, ಮುಖಗಳು ನಮ್ಮವು, ಆದರೆ ಅವರೆಲ್ಲ ಆಡುತ್ತಿದ್ದ ಮಾತು ಮಾತ್ರ ಹಿಂದಿ. ಹಾಗಾಗಿ ನಮ್ಮಲ್ಲಿ ಹಿಂದಿ ಬಲ್ಲವರೊಬ್ಬರು ಪಕ್ಕದಲ್ಲಿ ಕುಳಿತು ಅರ್ಥ ಹೇಳಬೇಕು. ಹೇಳುವಾಗ ತಮ್ಮ ಟೀಕೆಯನ್ನೂ ಸೇರಿಸಬೇಕು. ಅದಕ್ಕೆ ಇನ್ನೊಬ್ಬರು ಆಕ್ಷೇಪಣೆ ಎತ್ತಬೇಕು. ಇದೂ ಒಂದು ಸೊಗಸೆ.

ಅಪ್ಪನ ಸವಾಲಿಗೆ ಸಿಕ್ಕಿ ಸ್ವಾಮಿ ಒಬ್ಬನೇ ಕೋಣೆಯಲ್ಲಿ ಮಲಗಬೇಕಾಗಿ ಬಂದು, ಬೆಂಚಿನ ಕೆಳಗೆ ನಡುಗುತ್ತ, ಕತ್ತಲೆಯಲ್ಲಿ ಕಂಡ ಕಾಲನ್ನು ಪಿಶಾಚಿಯದೆಂದು ತಿಳಿದು ಕಚ್ಚಿ ಕಳ್ಳನನ್ನು ಹಿಡಿಸಿಕೊಟ್ಟ ಕಥೆ ನಿಮಗೆ ನೆನಪಿರಬಹುದು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಮ್ಮ ಅಜ್ಜಿ ಮಾತ್ರ ನಗಲಿಲ್ಲ. “ಮಗು ಹಾಗೆ ಹೆದರಿರುವಾಗ ಅದರ ಧೈರ್ಯ ಪರೀಕ್ಷೆ ಮಾಡುವುದೇನು ಬಂತು? ಆ ಅಪ್ಪನನ್ನು ಒಂದು ರಾತ್ರಿ ಅಲ್ಲಿ ಮಲಗಿಸಬೇಕು” ಎಂದು ಗೊಣಗಿಕೊಂಡೇ ಒಳಗೆ ಹೋದರು.

ಅಂಚೆಯ ತಾನಪ್ಪನ ಕಥೆಯಂತೂ ನಮ್ಮ ಬೀದಿಯಲ್ಲಿ ಒಂದು ವಾರ ನಡೆಯಿತು. ತಾನಪ್ಪ ಊರಿಗೆಲ್ಲ ಬೇಕಾದವನು. ರಾಮಾನುಜಂ ಅವರ ಮಗಳ ಮದುವೆಗೆ ದಿನ ಗೊತ್ತಾಗಿದೆ. ಅದು ತಪ್ಪಿದರೆ ಆ ಸಂಬಂಧವೇ ತಪ್ಪುತ್ತದೆ. ಅಷ್ಟರಲ್ಲಿ ಚಿಕ್ಕಪ್ಪನಿಗೆ ಕಾಯಿಲೆಯೆಂದು ಕಾರ್ಡು, ಮರುದಿನವೇ ತೀರಿಕೊಂಡರೆಂದು ತಂತಿ. ತಾನಪ್ಪ ಎರಡನ್ನೂ ತನ್ನಲ್ಲೇ ಇಟ್ಟುಕೊಂಡು, ಮದುವೆ ಕಳೆದ ಮೇಲೆ ತಂದುಕೊಟ್ಟ. ಮಾಡಿದ್ದು ಸರಿಯೆ, ತಪ್ಪೆ? ಮದುವೆಗೆ ಬೆಳೆದ ಮಗಳಿದ್ದ ನಮ್ಮ ಸೋದರತ್ತೆ, “ಮುಹೂರ್ತ ತಪ್ಪಿದ್ದರೆ ಆ ಹುಡುಗಿಯ ಗತಿಯೇನಾಗುತ್ತಿತ್ತು? ಅವನು ದೇವರಂಥ ಮನುಷ್ಯ” ಎಂದರು. ಎದುರು ಮನೆಯ ನಿವೃತ್ತ ಅಂಚೆ ನೌಕರರೊಬ್ಬರು ತಲೆಯಾಡಿಸಿದರು. “ಅಮ್ಮಾ, ಕಾಗದ ಬಂದವರದು, ತಂದವನದಲ್ಲ. ಒಂದು ಸಲ ಒಳ್ಳೆಯದಕ್ಕೆ ಮುಚ್ಚಿಟ್ಟರೆ, ಯಾವುದು ಒಳ್ಳೆಯದು ಎಂದು ಇನ್ನೊಂದು ಸಲ ಹೇಳುವವರು ಯಾರು?” ಎಂದರು. ಇಬ್ಬರೂ ತಮ್ಮ ಪಟ್ಟು ಬಿಡಲಿಲ್ಲ. ಕಥೆಯ ರಾಮಾನುಜಂ ಕೂಡ ಹೀಗೆಯೇ. ದೂರು ಕೊಡುವುದಿಲ್ಲವೆನ್ನುತ್ತಾರೆ, ಆದರೂ ನೀನು ಹೀಗೆ ಮಾಡಬಾರದಿತ್ತು ಎನ್ನುತ್ತಾರೆ. ಒಂದು ಸಣ್ಣ ಕಥೆ ಒಂದು ಬೀದಿಗೆ ಧರ್ಮಸೂಕ್ಷ್ಮವನ್ನು ಕಲಿಸಿತೆಂದರೆ ಅದು ಸಣ್ಣ ಕೆಲಸವೆ?

ಇನ್ನೊಂದು ಕಂತನ್ನು ನಾನು ಮರೆಯಲಾರೆ. ಅದು ಪುಟ್ಟ ಲೀಲಾ ಮತ್ತು ಮನೆಗೆಲಸದ ಸಿದ್ದನ ಕಥೆ. ಚಂದ್ರನನ್ನು ಹಿಡಿದುಕೊಡುವೆನೆಂದು ಹೇಳಿ ಮಗುವನ್ನು ನಗಿಸುವವನು ಸಿದ್ದ. ಮಗುವಿನ ಚಿನ್ನದ ಸರ ಕಾಣೆಯಾಗುತ್ತದೆ. ಸಂದೇಹ ಸಿದ್ದನ ಮೇಲೆ. ಪೊಲೀಸರು ಹಿಡಿದು ತರುತ್ತಾರೆ. ಹಿಂದೆ ಅವನು ಜೈಲಿಗೆ ಹೋಗಿ ಬಂದವನೆಂದು ತಿಳಿದ ಮೇಲೆ ಕೇಳಬೇಕೆ! ಕೊನೆಗೆ ಸರ ಸಿಕ್ಕುವುದು ಹುಣಿಸೆಹಣ್ಣಿನ ಮಡಕೆಯಲ್ಲಿ. ಆದರೂ ಮನೆಯ ಯಜಮಾನ, ಅಂಥವನನ್ನು ಹೇಗೂ ಮನೆಯಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ ಎಂದುಬಿಡುತ್ತಾನೆ. ನಾವೆಲ್ಲ “ಪಾಪ, ಪಾಪ” ಎಂದೆವು. ಆ ದಿನಗಳಲ್ಲಿ ಟಿ.ವಿ. ಇದ್ದ ಮನೆಗೆ ಅಕ್ಕಪಕ್ಕದವರೆಲ್ಲ ಬರುತ್ತಿದ್ದರಷ್ಟೆ. ಪಾತ್ರೆ ತೊಳೆಯಲು ಬರುತ್ತಿದ್ದ ಹೆಂಗಸು ಬಾಗಿಲ ಹೊಸ್ತಿಲ ಬಳಿ ಕುಳಿತು ನೋಡುತ್ತಿದ್ದಳು. ಎಲ್ಲರ ಮಾತೂ ಮುಗಿದ ಮೇಲೆ ಆಕೆ ಮೆಲ್ಲಗೆ ಕೇಳಿದಳು: “ಸರ ಸಿಕ್ತಲ್ಲಮ್ಮಾ, ಅವನ್ನ ಬಿಡಿಸ್ಕೊಂಡು ಬರಾಕೆ ಯಾರೂ ಹೋಗಲಿಲ್ವಾ?”

ಯಾರೂ ಉತ್ತರ ಹೇಳಲಿಲ್ಲ. ನಾವು ಕಥೆಯನ್ನು ಲೀಲಾಳ ಮನೆಯ ಒಳಗಿನಿಂದ ನೋಡಿದ್ದೆವು. ಅವಳು ಸಿದ್ದನ ಕಡೆಯಿಂದ ನೋಡಿದ್ದಳು. ನಮಗೆ ಕಥೆ ಮುಗಿದಿತ್ತು. ಅವಳಿಗೆ ಅವನಿನ್ನೂ ಠಾಣೆಯಲ್ಲಿಯೇ ಇದ್ದ. ಆ ಕಂತನ್ನು ಕುರಿತು ಅದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಈವರೆಗೆ ಓದಿಲ್ಲ.

ನೋಡುವವರ ಮಾತಿಗೆ ಕಥೆಯನ್ನೇ ಮುಂದುವರಿಸುವ ಬಲವೂ ಬಂದದ್ದುಂಟು. ರಮಾನಂದ ಸಾಗರರ ‘ರಾಮಾಯಣ’ 1987ರ ಜನವರಿ 25ರಂದು ಪ್ರಾರಂಭವಾಗಿ ಮರುವರ್ಷದ ಜುಲೈ 31ಕ್ಕೆ ಮುಗಿಯಿತು. ಭಾನುವಾರ ಬೆಳಿಗ್ಗೆ ಬೀದಿಗಳು ಬರಿದಾಗುತ್ತಿದ್ದುದನ್ನು ಕಂಡವರು ಈಗಲೂ ಹೇಳುತ್ತಾರೆ. ಪಟ್ಟಾಭಿಷೇಕದೊಂದಿಗೆ ಕಥೆ ನಿಲ್ಲುವುದೆಂದು ತಿಳಿದಾಗ, ಪಂಜಾಬಿನ ಜಲಂಧರದಲ್ಲಿ ವಾಲ್ಮೀಕಿಯನ್ನು ತಮ್ಮ ಗುರುವೆಂದು ಪೂಜಿಸುವ ಪೌರಕಾರ್ಮಿಕರು, ಉತ್ತರಕಾಂಡವೂ ಬೇಕೆಂದು ಕೆಲಸ ನಿಲ್ಲಿಸಿದರು. ಸೀತೆಗೆ ಆಶ್ರಯ ಕೊಟ್ಟವನು, ಕುಶಲವರನ್ನು ಸಾಕಿದವನು ವಾಲ್ಮೀಕಿ. ಆ ಭಾಗ ಬಿಟ್ಟರೆ ಅವರ ಪಾಲಿನ ರಾಮಾಯಣವೇ ಬಿಟ್ಟುಹೋದಂತೆ. ಮುಂದೆ ಆ ಕಥೆಯೂ ಪ್ರಸಾರವಾಯಿತು. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಸೀತೆಯ ದುಃಖವನ್ನು ಕೇಳಿದ ಕನ್ನಡಿಗರಿಗೆ ಅವರ ಹಟದ ಅರ್ಥ ಸುಲಭವಾಗಿ ಆಗುತ್ತದೆ.

1988ರ ಅಕ್ಟೋಬರಿನಲ್ಲಿ ಬಿ. ಆರ್. ಚೋಪ್ರಾರ ‘ಮಹಾಭಾರತ’ ಬಂದಿತು, ತೊಂಬತ್ತನಾಲ್ಕು ಕಂತು. ಸಂಭಾಷಣೆ ರಾಹಿ ಮಾಸೂಮ್ ರಜಾ ಅವರದು. ಕಥೆ ಹೇಳುವವನು ಸಾಕ್ಷಾತ್ ಕಾಲಪುರುಷ. ಇಲ್ಲಿ ಕನ್ನಡದ ಪ್ರೇಕ್ಷಕ ಬರಿಗೈಯಲ್ಲಿ ಕುಳಿತಿರಲಿಲ್ಲ. ಅವನ ಮನಸ್ಸಿನಲ್ಲಿ ಪಂಪನ ಕರ್ಣನಿದ್ದ, ಗಮಕಿಗಳ ಬಾಯಲ್ಲಿ ಕೇಳಿದ ಕುಮಾರವ್ಯಾಸನ ದ್ರೌಪದಿಯಿದ್ದಳು. ಕರ್ಣ ತೆರೆಯ ಮೇಲೆ ಬಂದಾಗಲೆಲ್ಲ “ನಮ್ಮ ಕರ್ಣ ಹೀಗಲ್ಲ” ಎನ್ನುವ ಹಿರಿಯರು ಮನೆಮನೆಯಲ್ಲಿಯೂ ಇದ್ದರು. ಹೀಗೆ ತಕರಾರು ತೆಗೆಯುವುದು ಅಭಿಮಾನದ ಕೊರತೆಯಲ್ಲ, ಅದರ ಲಕ್ಷಣ.

ಆಮೇಲೆ ದಿನದಿನವೂ ಬರುವ ಧಾರಾವಾಹಿಗಳ ಕಾಲ. 1998ರಲ್ಲಿ ಟಿ. ಎನ್. ಸೀತಾರಾಂ ಮತ್ತು ಸಂಗಡಿಗರ ‘ಮಾಯಾಮೃಗ’ ಬಂದಾಗ, ನಮ್ಮ ಮಧ್ಯಮವರ್ಗದ ಮನೆಯ ಮಾತು ನಮ್ಮದೇ ಕನ್ನಡದಲ್ಲಿ ಕೇಳಿಸಿತು. ಅರ್ಥ ಹೇಳುವವರು ಬೇಕಾಗಲಿಲ್ಲ. ಅವರ ಮುಂದಿನ ಧಾರಾವಾಹಿಗಳ ಕೋರ್ಟಿನ ದೃಶ್ಯಗಳನ್ನು ನೋಡಿ, ಕಾನೂನು ಓದದವರೂ ಬಸ್ಸಿನಲ್ಲಿ ಪಾಟೀಸವಾಲು ನಡೆಸುತ್ತಿದ್ದರು. ನಡುವಿನ ಬಿಡುವು ವಾರದಿಂದ ದಿನಕ್ಕೆ ಇಳಿದಿತ್ತು; ಆದರೂ ಒಂದು ರಾತ್ರಿ ಉಳಿದಿತ್ತು.

ಈಗ ಆ ರಾತ್ರಿಯೂ ಹೋಗಿದೆ. ಹತ್ತು ಕಂತುಗಳನ್ನು ಒಟ್ಟಿಗೆ ಸುರಿದು ಕೊಡುತ್ತಾರೆ; ಒಂದು ಮುಗಿದು ಕಣ್ಣು ಒರಸಿಕೊಳ್ಳುವಷ್ಟರಲ್ಲಿ ಇನ್ನೊಂದು ತಾನಾಗಿಯೇ ಪ್ರಾರಂಭವಾಗುತ್ತದೆ. 2020ರ ಮಾರ್ಚಿ ತಿಂಗಳಲ್ಲಿ, ದೇಶವೆಲ್ಲ ಮನೆಯೊಳಗೆ ಕುಳಿತಿದ್ದಾಗ, ದೂರದರ್ಶನ ಅದೇ ‘ರಾಮಾಯಣ’ವನ್ನು ಮತ್ತೆ ತೋರಿಸಿತು. ಆಗ ವಾರಕ್ಕೊಂದು ಕಂತು. ಈಗ ಬೆಳಿಗ್ಗೆ ಒಂದು, ರಾತ್ರಿ ಒಂದು. ಕೋಟ್ಯಂತರ ಜನ ನೋಡಿದರು. ಆದರೆ ಆಗ ಪಕ್ಕದ ಮನೆಯವರು ಬಂದು ಚಾಪೆಯ ಮೇಲೆ ಕುಳಿತಿದ್ದರು. ಈಗ ಪಕ್ಕದ ಮನೆಯ ಬಾಗಿಲು ಮುಚ್ಚಿತ್ತು.

ಹಳೆಯ ಕಾಲವೇ ಒಳ್ಳೆಯದಿತ್ತೆಂದು ಹೇಳುವುದಕ್ಕಾಗಿ ನಾನು ಇದನ್ನೆಲ್ಲ ಬರೆಯಲಿಲ್ಲ. ಈಗ ನೋಡಲು ಸಿಕ್ಕುವಷ್ಟು ಕಥೆಗಳು ಆಗ ಸಿಕ್ಕುತ್ತಿರಲಿಲ್ಲ. ನಮಗೆ ಬೇಕಾದ ಹೊತ್ತಿಗೆ ನೋಡುವ ಅನುಕೂಲವೂ ಇರಲಿಲ್ಲ. ನನ್ನ ವಿನಂತಿ ಇಷ್ಟೆ. ಬಿಡುವನ್ನು ಅವರು ಕೊಡದಿದ್ದರೆ ನಾವೇ ಮಾಡಿಕೊಳ್ಳೋಣ. ಒಂದು ಕಂತು ನೋಡಿದ ಮೇಲೆ ಯಂತ್ರವನ್ನು ನಿಲ್ಲಿಸಿರಿ. ಮನೆಯಲ್ಲಿರುವವರನ್ನು, “ನಿಮಗೆ ಹೇಗನ್ನಿಸಿತು?” ಎಂದು ಕೇಳಿರಿ. ಬಾಯಿ ಜೋರಾದವರು ತಾವಾಗಿಯೇ ಹೇಳುತ್ತಾರೆ. ಸುಮ್ಮನೆ ಕುಳಿತವರನ್ನು ಮೊದಲು ಕೇಳಿರಿ. ಅವರು ಆಡುವ ಮಾತು ನಿಮಗೆ ಒಪ್ಪಿಗೆಯಾಗದಿರಬಹುದು. ಆಗದಿದ್ದರೆ ಇನ್ನೂ ಒಳ್ಳೆಯದು; ನಾಳೆಯ ಕಾಫಿಯ ಹೊತ್ತಿಗೆ ಮಾತಿಗೊಂದು ವಿಷಯ ಸಿಕ್ಕಿತು.