ತುಂಬಿದ ಮೆಮೊರಿ, ಕುಸಿಯುವ ಸರ್ವರ್

ಪರೀಕ್ಷೆಯ ಫಲಿತಾಂಶ ಹೊರಬೀಳುವ ದಿನ 'ಸರ್ವರ್ ಡೌನ್' ಎಂಬ ಮಾತನ್ನು ಕೇಳದ ಮನೆ ಇಂದು ವಿರಳ. ಬ್ಯಾಂಕಿನ ಕೌಂಟರಿನಲ್ಲಿ, ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಇದೇ ಮಾತು. ಸರ್ವರ್ ಕುಸಿಯುವುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಪದೇ ಪದೇ ಕಾಣುವ ಒಂದನ್ನು, ಎಂದರೆ ಮೆಮೊರಿ ಸಾಲದೆ ಹೋಗುವುದನ್ನು, ಈ ಹೊತ್ತು ವಿಚಾರ ಮಾಡೋಣ. ಯಾವುದೋ ಶಾಲೆಯ ಅಥವಾ ಸಹಕಾರ ಸಂಘದ ಸರ್ವರನ್ನು ನೋಡಿಕೊಳ್ಳುವ ತರುಣರು ನಿಮ್ಮ ಮನೆಯಲ್ಲಿಯೇ ಇದ್ದಾರು. ಅವರಿಗೆ ಈ ವಿಚಾರ ನೇರವಾಗಿ ಉಪಯೋಗಕ್ಕೆ ಬರುವಂಥದು.

ಸರ್ವರ್ ಎಂದರೆ ಹಲವರ ಕೋರಿಕೆಗಳನ್ನು ಹಗಲಿರುಳೂ ಪೂರೈಸುವ ಒಂದು ಕಂಪ್ಯೂಟರ್, ಅಷ್ಟೆ. ಇಂಥ ಯಂತ್ರಗಳಲ್ಲಿ ಬಹುಪಾಲು ಲಿನಕ್ಸ್ ವ್ಯವಸ್ಥೆಯಿಂದ ನಡೆಯುತ್ತವೆ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಇದನ್ನು ಆರಂಭಿಸಿದರು. ಈ ವ್ಯವಸ್ಥೆಯ ತಿರುಳಿಗೆ ಕರ್ನಲ್ ಎಂದು ಹೆಸರು. ಯಾರಿಗೆ ಎಷ್ಟು ಮೆಮೊರಿ ಎಂದು ಹಂಚುವುದು ಅದರ ಕೆಲಸ.

ಮದುವೆಮನೆಯ ಅಡುಗೆಶಾಲೆಯನ್ನು ನೆನೆದುಕೊಳ್ಳಿ. ಡಿಸ್ಕ್ ಎಂಬುದು ಉಗ್ರಾಣ. ಮೆಮೊರಿ ಎಂಬುದು ಒಲೆಯ ಪಕ್ಕದ ಕಟ್ಟೆ. ಕರ್ನಲ್ ಎಂಬುದು ಇವೆರಡನ್ನೂ ನೋಡಿಕೊಳ್ಳುವ ಪಾರುಪತ್ಯಗಾರ. ಕಟ್ಟೆ ಬರಿದಾಗಿದ್ದರೆ ಏನು ಲಾಭ? ಜಾಣ ಪಾರುಪತ್ಯಗಾರನು ಒಮ್ಮೆ ಉಗ್ರಾಣದಿಂದ ತಂದ ಡಬ್ಬಗಳನ್ನು ಮತ್ತೆ ಬೇಕಾದೀತೆಂದು ಕಟ್ಟೆಯ ಮೇಲೆಯೇ ಇಟ್ಟಿರುತ್ತಾನೆ; ಪಾತ್ರೆಗೆ ಜಾಗ ಬೇಕಾದೊಡನೆ ಸರಿಸುತ್ತಾನೆ. ಲಿನಕ್ಸ್ ಮಾಡುವುದೂ ಇದನ್ನೇ. ಓದಿದ ಕಡತಗಳ ಪ್ರತಿಯನ್ನು ಬಿಡುವಾಗಿರುವ ಮೆಮೊರಿಯಲ್ಲಿ ಉಳಿಸಿಕೊಳ್ಳುತ್ತದೆ. ಆದ್ದರಿಂದ 'ಫ್ರೀ' ಎಂಬ ಆಜ್ಞೆ ಕೊಟ್ಟು ನೋಡಿದವರು, ಅದೇ ಹೆಸರಿನ ಕಲಮಿನಲ್ಲಿ ಅತ್ಯಲ್ಪ ಅಂಕಿ ಕಂಡು ಗಾಬರಿಯಾಗುತ್ತಾರೆ. ಅವರು ನೋಡಬೇಕಾದದ್ದು ಕೊನೆಯಲ್ಲಿರುವ 'ಅವೈಲಬಲ್' ಎಂಬ ಕಲಮು. ಡಬ್ಬಗಳನ್ನು ಸರಿಸಿದರೆ ಎಷ್ಟು ಜಾಗ ದೊರೆತೀತು ಎಂಬ ಈ ಅಂದಾಜನ್ನು ಕರ್ನಲ್ ತಾನೇ ಕೊಡಲಾರಂಭಿಸಿದ್ದು 2014ರಲ್ಲಿ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ಮೆಮೊರಿ ತುಂಬಿರುವುದೇ ರೋಗವಲ್ಲ.

ಹಾಗಾದರೆ ರೋಗ ಯಾವುದು? 'ಅವೈಲಬಲ್' ಸೊನ್ನೆಯತ್ತ ಇಳಿಯುವುದು. ಆಗ ಕರ್ನಲ್ ಅರ್ಧ ಬೆಂದ ಪಾತ್ರೆಗಳನ್ನೇ ಉಗ್ರಾಣಕ್ಕೆ ಸಾಗಿಸತೊಡಗುತ್ತದೆ. ಡಿಸ್ಕಿನ ಈ ಜಾಗಕ್ಕೆ ಸ್ವಾಪ್ ಎನ್ನುತ್ತಾರೆ. ಆಗೊಮ್ಮೆ ಈಗೊಮ್ಮೆ ಸಾಗಿಸಿದರೆ ಬಾಧಕವಿಲ್ಲ. ಒಯ್ದದ್ದನ್ನು ಮರುಕ್ಷಣವೇ ತರುವ ಪರದಾಟ ಶುರುವಾದರೆ ಅಡುಗೆ ನಿಂತಂತೆಯೇ. 'ವಿಎಂಸ್ಟಾಟ್' ಎಂಬ ಆಜ್ಞೆಯ 'ಎಸ್‌ಐ', 'ಎಸ್‌ಓ' ಕಲಮುಗಳು ಈ ಪರದಾಟದ ನಾಡಿ. ಅಲ್ಲಿ ಅಂಕಿಗಳು ಬಿಡದೆ ಏರಿರುವುದಾದರೆ ಯಂತ್ರ ಸಂಕಟದಲ್ಲಿದೆ ಎಂದೇ ತಿಳಿಯಬೇಕು.

ಸ್ವಾಪ್ ಕೂಡ ಮುಗಿದಾಗ ಕರ್ನಲ್ ಒಂದು ಕಠಿಣ ಕ್ರಮ ಕೈಗೊಳ್ಳುತ್ತದೆ. ಓಡುತ್ತಿರುವ ಪ್ರೋಗ್ರಾಮುಗಳ ಒಂದೊಂದು ಪ್ರತಿಗೂ ಪ್ರಾಸೆಸ್ ಎಂದು ಹೆಸರು. ಅವುಗಳಲ್ಲಿ ಅತಿ ಹೆಚ್ಚು ಮೆಮೊರಿ ಹಿಡಿದಿರುವುದನ್ನು ಆರಿಸಿ, ಉಳಿದವು ಬದುಕಲೆಂದು ಅದನ್ನು ಕೊಂದುಬಿಡುತ್ತದೆ. ಹೀಗೆ ಸತ್ತದ್ದೇ ತಪ್ಪಿತಸ್ಥನೆಂದು ನಂಬುವವರೇ ಹೆಚ್ಚು. ಅಲ್ಲಿಯೇ ಇರುವುದು ಮೋಸ.

ಒಂದು ಲೆಕ್ಕ ಮಾಡಿ ನೋಡೋಣ. 2 ಜಿಬಿ, ಎಂದರೆ 2048 ಎಂಬಿ, ಮೆಮೊರಿಯುಳ್ಳ ಒಂದು ಸರ್ವರ್ ಇದೆಯೆನ್ನಿ. ಅಂಕಗಳನ್ನೆಲ್ಲ ಕಾಯ್ದಿಟ್ಟಿರುವ ಡೇಟಾಬೇಸ್ 600 ಎಂಬಿ ಹಿಡಿದಿದೆ. ಕರ್ನಲ್ ಮತ್ತು ಇತರ ಖರ್ಚು 400. ಪುಟಗಳನ್ನು ಕಳುಹಿಸುವ ಅಪಾಚೆ ಎಂಬ ಪ್ರೋಗ್ರಾಮು, ಬರುವ ಒಬ್ಬೊಬ್ಬರಿಗೂ 40 ಎಂಬಿಯ ಒಂದು ಪ್ರಾಸೆಸನ್ನು ನಿಲ್ಲಿಸುತ್ತದೆ. ಈ ವಿಧಾನದಲ್ಲಿ ಅಪಾಚೆಯ ಮೂಲ ಏರ್ಪಾಡಿನ ಮಿತಿ 256. ಎಂದರೆ 10,240 ಎಂಬಿ. ಇರುವ ಮೆಮೊರಿಯ ಐದು ಪಟ್ಟು! ಸಾಮಾನ್ಯ ದಿನ ಹತ್ತು ಜನ ಬರುತ್ತಾರೆ, ಎಲ್ಲವೂ ನೆಟ್ಟಗಿರುತ್ತದೆ. ಫಲಿತಾಂಶದ ದಿನ ಅರವತ್ತು ಜನ ಒಟ್ಟಿಗೆ ಬರುತ್ತಾರೆ. ಆಗ ಕರ್ನಲ್ಲಿನ ಕಣ್ಣಿಗೆ ದೊಡ್ಡದಾಗಿ ಕಾಣುವುದು 40 ಎಂಬಿಯ ಅಪಾಚೆಯಲ್ಲ, 600 ಎಂಬಿಯ ಡೇಟಾಬೇಸ್. ಅದು ಸಾಯುತ್ತದೆ. ನೋಡಿಕೊಳ್ಳುವವರು ಡೇಟಾಬೇಸನ್ನು ಶಪಿಸಿ ಮತ್ತೆ ಎಬ್ಬಿಸುತ್ತಾರೆ. ಅರ್ಧ ಗಂಟೆಗೆ ಮತ್ತೆ ಸಾಯುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ!

ಇಲ್ಲಿ ಸರಿಯಾದ ಮದ್ದು ಬರಿಯ ಭಾಗಾಕಾರ. ಉಳಿದ 1048 ಎಂಬಿಯನ್ನು 40ರಿಂದ ಭಾಗಿಸಿದರೆ 26. ಮಿತಿಯನ್ನು 25ಕ್ಕೆ ಇಳಿಸಿದರೆ ಮಿಕ್ಕವರು ಸರದಿಯಲ್ಲಿ ಕೆಲವು ಕ್ಷಣ ಕಾಯುತ್ತಾರೆ; ಯಂತ್ರ ನಿಲ್ಲುವುದಿಲ್ಲ. ಪಂಕ್ತಿಯಲ್ಲಿ ಎಲೆ ಇರುವಷ್ಟೇ ಜನರನ್ನು ಕೂರಿಸಿ ಉಳಿದವರನ್ನು ಎರಡನೆಯ ಪಂಕ್ತಿಗೆ ನಿಲ್ಲಿಸುವುದು ಅವಮಾನವಲ್ಲ, ವ್ಯವಸ್ಥೆ.

ಇನ್ನು ಪರೀಕ್ಷಿಸುವ ಕ್ರಮ. ಮೊದಲನೆಯದಾಗಿ, ಕುಸಿದ ಯಂತ್ರವನ್ನು ಮತ್ತೆ ನಡೆಸಿದೊಡನೆ ಹಿಂದಿನ ಚಾಲನೆಯ ಕರ್ನಲ್ ದಾಖಲೆಯನ್ನು ತೆರೆಯಿರಿ. ಆ ದಾಖಲೆ ಡಿಸ್ಕಿನಲ್ಲಿ ಉಳಿಯುವಂತೆ ಮೊದಲೇ ಏರ್ಪಾಡು ಮಾಡಿರಬೇಕು. 'ಔಟ್ ಆಫ್ ಮೆಮೊರಿ' ಎಂಬ ಮಾತು ಅಲ್ಲಿದೆಯೇ? ಇಲ್ಲದಿದ್ದರೆ ಮೆಮೊರಿಯ ಮೇಲೆ ಆರೋಪ ಹೊರಿಸಲು ಆತುರಪಡಬೇಡಿ. ಇದ್ದರೆ, ಅದರ ಮೇಲುಗಡೆಯೇ ಆ ಕ್ಷಣದಲ್ಲಿದ್ದ ಪ್ರಾಸೆಸುಗಳ ಪಟ್ಟಿ ದೊರೆಯುತ್ತದೆ. ಆ ಪಟ್ಟಿಯ 'ಆರ್‌ಎಸ್‌ಎಸ್' ಅಂಕಿಗಳು ಮೆಮೊರಿಯ ಪುಟಗಳ ಲೆಕ್ಕದಲ್ಲಿರುತ್ತವೆ. ಸಾಮಾನ್ಯ ಯಂತ್ರಗಳಲ್ಲಿ ಒಂದು ಪುಟಕ್ಕೆ 4 ಕೆಬಿ. ಆದ್ದರಿಂದ ನಾಲ್ಕರಿಂದ ಗುಣಿಸಿಕೊಳ್ಳಬೇಕು. ಒಂದೊಂದನ್ನೇ ನೋಡದೆ, ಒಂದೇ ಹೆಸರಿನವನ್ನೆಲ್ಲ ಕೂಡಿಸಿ ನೋಡಿ. ಹಲವು ಪ್ರಾಸೆಸುಗಳು ಹಂಚಿಕೊಂಡಿರುವ ಭಾಗ ಪ್ರತಿಯೊಂದರಲ್ಲೂ ಎಣಿಕೆಯಾಗುವುದರಿಂದ ಮೊತ್ತ ನಿಜಕ್ಕಿಂತ ತುಸು ಹೆಚ್ಚಾಗಿ ಬರುವುದುಂಟು, ಅಷ್ಟೆ.

ಎರಡನೆಯದಾಗಿ, ಐದೈದು ನಿಮಿಷಕ್ಕೊಮ್ಮೆ ಯಾರು ಎಷ್ಟು ಹಿಡಿದಿದ್ದಾರೆ ಎಂಬುದನ್ನು ಯಂತ್ರವೇ ಒಂದು ಕಡತಕ್ಕೆ ಬರೆದಿಡುವಂತೆ ಮಾಡಿ. ಜ್ವರದ ಪಟ್ಟಿಯಂತೆ ಈ ದಾಖಲೆಯೇ ಮಾತನಾಡುತ್ತದೆ. ಜನ ಬಂದಾಗ ಏರಿ ಹೋದಾಗ ಇಳಿದರೆ ಅದು ಹೊರೆ. ಮಿತಿ ಹಾಕಿ ಅಥವಾ ಮೆಮೊರಿ ಕೊಳ್ಳಿ. ನಡುರಾತ್ರಿಯಲ್ಲಿಯೂ ಇಳಿಯದೆ ದಿನದಿನಕ್ಕೆ ಏರುತ್ತಲೇ ಹೋದರೆ ಅದು ಸೋರಿಕೆಯ ಗುರುತು. ಪ್ರೋಗ್ರಾಮು ಪಡೆದದ್ದನ್ನು ಹಿಂದಿರುಗಿಸುತ್ತಿಲ್ಲವೆಂದು ಅರ್ಥ. ಅಲ್ಲಿ ಎಷ್ಟು ಮೆಮೊರಿ ಕೊಂಡು ಸುರಿದರೂ ಕುಸಿತ ಕೆಲವು ದಿನ ಮುಂದಕ್ಕೆ ಹೋಗುತ್ತದೆಯೇ ಹೊರತು ತಪ್ಪುವುದಿಲ್ಲ. ಪ್ರಾಸೆಸುಗಳ ಮೊತ್ತ ಸಣ್ಣದಾಗಿದ್ದು ಮೆಮೊರಿ ಮಾತ್ರ ಮಾಯವಾಗಿದ್ದರೆ, ಕರ್ನಲ್ ತನಗಾಗಿ ಇಟ್ಟುಕೊಂಡದ್ದನ್ನು 'ಸ್ಲ್ಯಾಬ್‌ಟಾಪ್' ಎಂಬ ಆಜ್ಞೆಯಿಂದ ನೋಡಿ. ಮೆಮೊರಿಯಲ್ಲಿಯೇ ಕಡತಗಳನ್ನಿಡುವ ಟಿಎಂಪಿಎಫ್‌ಎಸ್ ಎಂಬ ಜಾಗವನ್ನೂ ಶೋಧಿಸಿ.

ದಿನಾ ಬೆಳಗ್ಗೆ ಸರ್ವರನ್ನು ನಿಲ್ಲಿಸಿ ಮತ್ತೆ ನಡೆಸುವ ಪರಿಪಾಠ ಹಲವೆಡೆ ಇದೆ. ಅದು ನೋವು ನಿವಾರಕ ಗುಳಿಗೆಯಂತೆ. ಒಂದು ಹೊತ್ತಿಗೆ ಆದೀತು, ಚಿಕಿತ್ಸೆಯೆನಿಸದು. ಕುಸಿತದ ಹಿಂದೆ ಯಾರದೋ ಅರ್ಧ ತುಂಬಿದ ಅರ್ಜಿ, ಯಾರದೋ ಕೊನೆಯ ದಿನಾಂಕ ಇರುತ್ತದೆ. ಫಲಿತಾಂಶಕ್ಕೆ ಒಂದು ವಾರ ಮುಂಚೆ, ಜನ ಇಲ್ಲದ ಹೊತ್ತಿನಲ್ಲಿ ಕುಳಿತು, ನಾವು ಮಾಡಿದಂಥ ಕೂಡುವ, ಭಾಗಿಸುವ ಲೆಕ್ಕವನ್ನು ನಿಮ್ಮ ಯಂತ್ರದ ಅಂಕಿಗಳಿಂದ ಒಮ್ಮೆ ಮಾಡಿ ನೋಡಿ. ಅದಕ್ಕೆ ಬೇಕಾದದ್ದು ಒಂದು ಹಾಳೆ, ಒಂದು ಸೀಸದ ಕಡ್ಡಿ, ಹತ್ತು ನಿಮಿಷದ ತಾಳ್ಮೆ.