ಎರಡು ಸಾವಿರದ ಡಬ್ಬಿಯ ಲೆಕ್ಕ
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟ್‌ನ ಲೆಕ್ಕಪತ್ರ ಸಮಿತಿಯ ಪರವಾಗಿ ಮಾಡಿದ ಭಾಷಣ)



ವಿದ್ಯಾರ್ಥಿವೇತನದ ಹಣ ನೇರವಾಗಿ ಮಕ್ಕಳ ಬ್ಯಾಂಕ್ ಖಾತೆಗೆ ಹೋಗುತ್ತದೆ. ಅದರ ಲೆಕ್ಕ ಕೊಡುವುದು ನಮಗೆ ಕಷ್ಟವಲ್ಲ. ಇಂದು ನಾವು ಹೇಳಬೇಕೆಂದಿರುವುದು ಅದಕ್ಕಿಂತ ತೀರ ಸಣ್ಣ ದುಡ್ಡಿನ ವಿಷಯ. ಸರಕಾರಿ ಶಾಲೆಗಳ ಚಿಲ್ಲರೆ ಖರ್ಚಿಗೆಂದು ನಾವು ಕೊಡುವ ನಗದು. ವಾರ್ಷಿಕ ವರದಿಯಲ್ಲಿ ಅದು ಒಂದೇ ಒಂದು ಸಾಲು. ನಮ್ಮ ನಿದ್ದೆ ಕೆಡಿಸಿದ್ದೂ ಅದೇ ಸಾಲು.

ಸರಕಾರಿ ಶಾಲೆಗೆ ಸರಕಾರದ ದುಡ್ಡು ಬರುವುದಿಲ್ಲವೇ ಎಂದು ದಾನಿಗಳು ಕೇಳುತ್ತಾರೆ. ಬರುತ್ತದೆ. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಮಕ್ಕಳ ಸಂಖ್ಯೆ ನೋಡಿ ಶಾಲಾ ಅನುದಾನ ನಿಗದಿಯಾಗುತ್ತದೆ. 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿಯವರೆಗೆ ಸಿಗಬಹುದು. ಅದರಲ್ಲಿ ಶೇಕಡ 10ರಷ್ಟನ್ನಾದರೂ ಸ್ವಚ್ಛತೆಗೆ ಬಳಸಬೇಕು. ಈ ಹಣ ಇರುವುದು ಬ್ಯಾಂಕಿನಲ್ಲಿ. ಖರ್ಚಿಗೆ ಎಸ್‌ಡಿಎಂಸಿಯ ಒಪ್ಪಿಗೆ ಬೇಕು, ಬಿಲ್ಲು ಬೇಕು. ಅದು ಸರಿಯಾದ ಕ್ರಮವೇ. ಆದರೆ ಸೋಮವಾರ ಬೆಳಿಗ್ಗೆ ಮಗು ಬಿದ್ದು ಮೊಣಕಾಲಿನಿಂದ ರಕ್ತ ಸುರಿಯುವಾಗ 40 ರೂಪಾಯಿಯ ಬ್ಯಾಂಡೇಜಿಗೆ ಯಾರೂ ಸಭೆ ಕರೆದು ನಿರ್ಣಯ ಬರೆಯುವುದಿಲ್ಲ. ನಲ್ಲಿಯ ವಾಶರ್ ಹೋಗುತ್ತದೆ. ಪುಸ್ತಕದ ಕಟ್ಟು ತರಲು ಆಟೊ ಬೇಕಾಗುತ್ತದೆ. ಆಗೆಲ್ಲ ಖಾಲಿಯಾಗುವುದು ಮುಖ್ಯ ಶಿಕ್ಷಕರ ಅಂಗಿಯ ಜೇಬು.

ಕೆಲವು ವರ್ಷಗಳ ಹಿಂದೆ ಒಂದು ಶಾಲೆಯ ಹೆಡ್‌ಮಾಸ್ಟರರ ಈ ಕಷ್ಟ ನೋಡಿ ನಾವು ಅವರ ಕೈಗೆ 5,000 ರೂಪಾಯಿ ಕೊಟ್ಟು ಬಂದೆವು. ಪುಸ್ತಕವಿಲ್ಲ, ಚೀಟಿ ಇಲ್ಲ, ಇಷ್ಟೇ ಖರ್ಚು ಮಾಡಬೇಕೆಂಬ ಮಿತಿಯೂ ಇಲ್ಲ. ಒಳ್ಳೆಯ ಮನುಷ್ಯರು, ಲೆಕ್ಕ ಕೇಳಿದರೆ ಅವಮಾನ ಮಾಡಿದಂತೆ ಎಂದು ನಮಗೆ ನಾವೇ ಹೇಳಿಕೊಂಡೆವು.

ವರ್ಷದ ಕೊನೆಗೆ ಊರಿನಲ್ಲಿ ಮಾತು ಶುರುವಾಯಿತು. ಪೋಷಕರ ಸಭೆಯಲ್ಲಿ ಒಬ್ಬರು ಎದ್ದು ದುಡ್ಡು ಎಲ್ಲಿ ಎಂದು ಕೇಳಿದರು. ಹೆಡ್‌ಮಾಸ್ಟರರು ಒಂದು ಪ್ಲಾಸ್ಟಿಕ್ ಚೀಲದಿಂದ ಬಿಲ್ಲುಗಳನ್ನು ತೆಗೆದು ಮೇಜಿನ ಮೇಲೆ ಇಟ್ಟರು. ಮೆಡಿಕಲ್ ಅಂಗಡಿಯ ಬಿಲ್ಲುಗಳಲ್ಲಿ ಅಕ್ಷರವೇ ಮಾಸಿ ಹೋಗಿತ್ತು. ಓದಲು ಸಾಧ್ಯವಾದದ್ದು 3,870 ರೂಪಾಯಿ. ಉಳಿದ 1,130? ಆಟೊದವರು ಬಿಲ್ಲು ಕೊಡುವುದಿಲ್ಲ ಎಂದರು. ಜ್ವರ ಬಂದ ಮಗುವನ್ನು ಎರಡು ಸಲ ಆಸ್ಪತ್ರೆಗೆ ಕರೆದುಕೊಂಡು ಹೋದ ನೆನಪು ಹೇಳಿದರು. ಯಾರೋ ಹಿಂದಿನಿಂದ ನಕ್ಕರು. ಅವರು ಪರ್ಸ್ ತೆಗೆದು 1,130 ರೂಪಾಯಿ ಎಣಿಸಿ ಮೇಜಿನ ಮೇಲಿಟ್ಟು ತರಗತಿಗೆ ನಡೆದರು. ಟ್ರಸ್ಟ್‌ನ ಮೂವರು ಅಲ್ಲೇ ಕುಳಿತಿದ್ದೆವು. ಒಬ್ಬರೂ ಬಾಯಿ ಬಿಡಲಿಲ್ಲ.

ಮುಂದಿನ ವಾರ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಚಹಾ ಕೊಟ್ಟರು, ಆ ವಿಷಯ ಎತ್ತಲೇ ಇಲ್ಲ. ಆದರೆ ಅಂದಿನಿಂದ ನಮ್ಮ ಒಂದು ರೂಪಾಯಿಯನ್ನೂ ಕೈಯಿಂದ ಮುಟ್ಟಲಿಲ್ಲ. ಚಾಕ್‌ಪೀಸ್ ಬೇಕಾದರೂ "ನೀವೇ ತಂದು ಕೊಟ್ಟುಬಿಡಿ" ಎನ್ನುತ್ತಿದ್ದರು. ತಪ್ಪು ಅವರದ್ದಲ್ಲ, ನಮ್ಮದು. ಲೆಕ್ಕದ ಪುಸ್ತಕ ಕೊಡದೆ ದುಡ್ಡು ಮಾತ್ರ ಕೊಟ್ಟು ಒಬ್ಬ ಪ್ರಾಮಾಣಿಕರನ್ನು ಊರಿನ ಮುಂದೆ ನಿಲ್ಲಿಸಿದ್ದು ನಾವು.

ಈಗ ನಾವು ಅನುಸರಿಸುವ ಕ್ರಮವನ್ನು ಪಿಯುಸಿಯಲ್ಲಿ ಕಾಮರ್ಸ್ ಓದುವ ಮಕ್ಕಳು ಇಂಪ್ರೆಸ್ಟ್ ಎಂಬ ಹೆಸರಿನಲ್ಲಿ ಓದಿರುತ್ತಾರೆ. ಶಾಲೆಗೆ ಬೀಗವಿರುವ ಒಂದು ಡಬ್ಬಿ, ಅದರಲ್ಲಿ 2,000 ರೂಪಾಯಿ. ಡಬ್ಬಿಯ ಹೊಣೆ ಯಾರದ್ದೆಂದು ಎಸ್‌ಡಿಎಂಸಿ ಸಭೆಯಲ್ಲಿ ಹೆಸರು ಬರೆಯಬೇಕು, ಒಬ್ಬರದ್ದೇ ಹೆಸರು. ದುಡ್ಡು ಹೊರಗೆ ಹೋದಾಗಲೆಲ್ಲ ಅದರ ಜಾಗಕ್ಕೆ ಒಂದು ಚೀಟಿ ಬರಬೇಕು. ಬಿಲ್ಲು ಸಿಗದಿದ್ದರೆ ಬಿಳಿ ಕಾಗದ ಸಾಕು: ತಾರೀಕು, ಏನಕ್ಕೆ, ಎಷ್ಟು, ಇಬ್ಬರ ಸಹಿ. ಯಾವ ದಿನ ತೆರೆದು ನೋಡಿದರೂ ನೋಟು, ನಾಣ್ಯ, ಚೀಟಿ ಎಲ್ಲ ಸೇರಿ 2,000 ಆಗಲೇಬೇಕು. ಚೀಟಿಗಳು 1,460 ಆಗಿ ಕೈಯಲ್ಲಿ 540 ಉಳಿದಿದೆ ಎನ್ನಿ. ಚೀಟಿಗಳನ್ನು ತಂದರೆ ನಾವು 1,460 ಕೊಡುತ್ತೇವೆ. ಲೆಕ್ಕ ಸುಲಭವಾಗಲೆಂದು 1,500 ಕೊಡುವುದಿಲ್ಲ. ಮತ್ತೆ ಡಬ್ಬಿಯಲ್ಲಿ 2,000.

ಎಣಿಸುವವರು ಬೇರೆಯವರು, ಹೇಳದೆ ಬರುವವರು. 20 ರೂಪಾಯಿ ಕಡಿಮೆ ಬಿದ್ದರೆ ಕಡಿಮೆ ಎಂದೇ ಬರೆಯಬೇಕು, ಜೇಬಿನಿಂದ ತುಂಬಿಸಬಾರದು. ಶಿಕ್ಷಕರಿಗೆ ಇದನ್ನು ಒಪ್ಪಿಸುವುದೇ ನಮಗೆ ದೊಡ್ಡ ಕೆಲಸವಾಯಿತು. 20 ರೂಪಾಯಿಗೆ ಯಾಕೆ ಹೆಸರು ಕೆಡಿಸಿಕೊಳ್ಳುವುದು ಎನ್ನುತ್ತಾರೆ. ಆದರೆ ಇಂದು ತುಂಬಿಸಿದವರ ಮೇಲೆ ನಾಳೆ, ತೆಗೆದಿದ್ದೂ ಅವರೇ ಇರಬೇಕು ಎಂಬ ಮಾತು ಬರುತ್ತದೆ. ಸಂಬಳ ಬರುವವರೆಗೆ ಕೈಸಾಲ ಕೊಡುವುದಿಲ್ಲ. 900 ರೂಪಾಯಿಯ ಬಿಲ್ಲನ್ನು ಮೂರು ತುಂಡು ಮಾಡುವುದೂ ನಡೆಯದು, ಒಂದು ಖರ್ಚಿಗೆ 300 ನಮ್ಮ ಮಿತಿ. ಮಾರ್ಚ್ 31ಕ್ಕೆ ಉಳಿದದ್ದು ಬ್ಯಾಂಕಿಗೆ ವಾಪಸ್.

ಇಷ್ಟು ಸಣ್ಣ ಮೊತ್ತಕ್ಕೆ ಇಷ್ಟೆಲ್ಲ ಯಾಕೆ ಎಂದು ಕೇಳಬಹುದು. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಸಾರ್ವಜನಿಕ ಶಾಲೆಯೊಂದರ ಚಿಲ್ಲರೆ ನಿಧಿ 100 ಡಾಲರ್ ಮೀರಬಾರದೆಂಬ ನಿಯಮವಿದೆ. ಅಷ್ಟು ದೊಡ್ಡ ಬಜೆಟ್ಟಿನವರೂ ನಗದು ಚಿಕ್ಕದಾಗಿಯೇ ಇರಲಿ ಎನ್ನುತ್ತಾರೆ.

ದಾನಿಗಳಿಗೆ ಒಂದು ಮಾತು. ಝಕಾತ್‌ನ ಹಣ ಈ ಡಬ್ಬಿಗೆ ಹೋಗುವುದಿಲ್ಲ. ಅದು ಹಕ್ಕುದಾರರ ಕೈ ಸೇರಬೇಕಾದದ್ದು, ಶಾಲೆಯ ನಲ್ಲಿಗಲ್ಲ. ಡಬ್ಬಿ ತುಂಬುವುದು ಸದಕಾ ಮತ್ತು ಸಾಮಾನ್ಯ ದೇಣಿಗೆಯಿಂದ ಮಾತ್ರ. ಈ ವರ್ಷ ಒಮ್ಮೆ ಸಾಮಾನ್ಯ ಖಾತೆ ಬರಿದಾಗಿತ್ತು, ಝಕಾತ್ ಖಾತೆಯಲ್ಲಿ ಹಣವಿತ್ತು. ಶುಕ್ರವಾರ ವಾಪಸ್ ಹಾಕೋಣ, ಈಗ ತೆಗೆಯೋಣ ಎಂದು ನಮ್ಮಲ್ಲೇ ಒಬ್ಬರು ಹೇಳಿದರು. ಒಂದು ಗಂಟೆ ವಾದವಾಯಿತು. ತೆಗೆಯಲಿಲ್ಲ. ಎರಡು ಶಾಲೆಗಳು ನಾಲ್ಕು ದಿನ ಖಾಲಿ ಡಬ್ಬಿಯಲ್ಲಿ ನಡೆದವು. ಅದರ ಬಗ್ಗೆ ನಮಗೆ ಬೇಸರವಿದೆ, ಪಶ್ಚಾತ್ತಾಪವಿಲ್ಲ. ಇನ್ನು, 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆಯ ರಿಯಾಯಿತಿ ಸಿಗುವುದಿಲ್ಲ. ದಯವಿಟ್ಟು ಬ್ಯಾಂಕ್ ಮೂಲಕ ಕೊಡಿ.

ಪೋಷಕರೇ, ನಿಮ್ಮಲ್ಲಿ ಹಲವರು ಎಸ್‌ಡಿಎಂಸಿ ಸದಸ್ಯರು. ಡಬ್ಬಿ ತೆರೆಸಿ ನೋಡುವ ಹಕ್ಕು ನಿಮಗಿದೆ, ನೋಡಿ. ಮೊದಲು ಚೀಟಿಗಳನ್ನು ಕೂಡಿಸಿ, ಆಮೇಲೆ ಪ್ರಶ್ನೆ ಕೇಳಿ. ಸಭೆಯಲ್ಲಿ ಎದ್ದು ನಿಲ್ಲುವ ಮೊದಲು ಹೆಡ್‌ಮಾಸ್ಟರರ ಕೋಣೆಯಲ್ಲಿ ಕೇಳಿ.

ಡಬ್ಬಿ ಬೇಕಾಗಿರುವ ಶಾಲೆಯವರು ಹೊಣೆ ಹೊರುವವರ ಹೆಸರಿರುವ ಸಭಾ ನಡಾವಳಿಯ ಪ್ರತಿಯನ್ನು ಬಾಗಿಲ ಬಳಿಯ ಮೇಜಿನಲ್ಲಿ ಕೊಡಿ. ಚೀಟಿ ಪುಸ್ತಕ, ರಿಜಿಸ್ಟರ್, ಬೀಗ ನಾವೇ ಕೊಡುತ್ತೇವೆ. ಕೀಲಿಕೈ ಎರಡಿರುತ್ತವೆ, ಎರಡನ್ನೂ ಒಬ್ಬರೇ ಇಟ್ಟುಕೊಳ್ಳಬೇಡಿ.