ಜ್ವರ ಎಷ್ಟನೇ ದಿನದ್ದು?



ನಾವು ವೈದ್ಯರಲ್ಲ, ಕಂಪ್ಯೂಟರ್ ಮುಂದೆ ಕೂರುವವರು. ಆದರೂ ಮಳೆಗಾಲ ಬಂತೆಂದರೆ, ಬೆಂಗಳೂರಿನಲ್ಲಿರುವ ಅಪ್ಪ ಅಮ್ಮನಿಗೆ ಫೋನ್ ಮಾಡುವಾಗ ನಮ್ಮೆಲ್ಲರಿಗೂ ಒಂದೇ ಅಳುಕು: ಡೆಂಗಿ.

2024ರಲ್ಲಿ ಅದು ಎಷ್ಟು ಹಬ್ಬಿತೆಂದರೆ, ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಗೊತ್ತುಮಾಡಿತು. ಇದನ್ನು ಹರಡುವ ಈಡಿಸ್ ಸೊಳ್ಳೆಗೆ ಚರಂಡಿ ಬೇಕಿಲ್ಲ, ನಿಂತ ತಿಳಿನೀರು ಸಾಕು. ನಲ್ಲಿ ನೀರು ದಿನವೂ ಬಾರದ ಬಡಾವಣೆಗಳಲ್ಲಿ ಡ್ರಮ್ಮು, ಸಂಪು ತುಂಬಿಸಿಡದೆ ಗತಿಯಿಲ್ಲ. ಜೊತೆಗೆ ಕಟ್ಟುತ್ತಿರುವ ಮನೆಗಳ ತೊಟ್ಟಿ, ಎಳನೀರಿನ ಬುರುಡೆ, ಹಳೇ ಟೈರು. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ. ಆದ್ದರಿಂದಲೇ ವಾರಕ್ಕೊಮ್ಮೆ ಎಲ್ಲವನ್ನೂ ಖಾಲಿ ಮಾಡಿ, ಉಜ್ಜಿ ಒಣಗಿಸಬೇಕು ಎನ್ನುವುದು.

ಇನ್ನು ರಕ್ತಪರೀಕ್ಷೆ. ಎನ್‌ಎಸ್‌1 ಎಂಬುದು ವೈರಸ್ಸಿನದೇ ಪ್ರೋಟೀನು. ಜ್ವರದ ಮೊದಲ ದಿನದಿಂದ ಸುಮಾರು ಐದನೇ ದಿನದವರೆಗೆ ರಕ್ತದಲ್ಲಿ ಚೆನ್ನಾಗಿ ಸಿಗುತ್ತದೆ. ಐಜಿಎಂ ಎಂಬುದು ವೈರಸ್ಸಿನ ವಿರುದ್ಧ ನಮ್ಮ ದೇಹ ತಯಾರಿಸುವ ಪ್ರತಿಕಾಯ. ಅದು ಕಾಣಿಸಿಕೊಳ್ಳುವುದು ನಾಲ್ಕೈದು ದಿನಗಳಾದ ಮೇಲೆ. ಎರಡನೇ ದಿನ ಬರೀ ಐಜಿಎಂ ಮಾಡಿಸಿದರೆ, ಅಥವಾ ಎಂಟನೇ ದಿನ ಬರೀ ಎನ್‌ಎಸ್‌1 ಮಾಡಿಸಿದರೆ, ಡೆಂಗಿ ಇದ್ದರೂ 'ನೆಗೆಟಿವ್' ಎಂದು ಬರಬಹುದು. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಹೀಗೇ: ಪರೀಕ್ಷೆಯಲ್ಲಿ ದೋಷ ಸಿಗಲಿಲ್ಲವೆಂದ ಮಾತ್ರಕ್ಕೆ ದೋಷವೇ ಇಲ್ಲವೆಂದಲ್ಲ.

ಹದಿನೈದು ಇಪ್ಪತ್ತು ನಿಮಿಷದಲ್ಲಿ ಫಲಿತಾಂಶ ಕೊಡುವ ಕಾರ್ಡ್ ಪರೀಕ್ಷೆಗಿಂತ ಎಲೈಸಾ ಪರೀಕ್ಷೆ ಹೆಚ್ಚು ನಂಬಿಕೆಗೆ ಅರ್ಹ. 2024ರಲ್ಲಿ ಸರ್ಕಾರ ಖಾಸಗಿ ಲ್ಯಾಬುಗಳಿಗೆ ಎನ್‌ಎಸ್‌1 ಮತ್ತು ಐಜಿಎಂ ಎಲೈಸಾಗಳಿಗೆ ತಲಾ 300 ರೂಪಾಯಿ ದರ ನಿಗದಿ ಮಾಡಿತು.

ಮರೆಯಬಾರದ ಮಾತು ಇನ್ನೊಂದಿದೆ. 'ಜ್ವರ ಬಿಟ್ಟಿತಲ್ಲ' ಎಂದು ನಾವು ನಿಟ್ಟುಸಿರು ಬಿಡುವ ಹೊತ್ತೇ ಡೆಂಗಿಯಲ್ಲಿ ಅಪಾಯದ ಹೊತ್ತು. ಆಗ ರಕ್ತನಾಳಗಳಿಂದ ದ್ರವ ಸೋರಿ ರಕ್ತದೊತ್ತಡ ಕುಸಿಯಬಹುದು. ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ರಿಪೋರ್ಟಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಜ್ವರಕ್ಕೆ ವೈದ್ಯರು ಹೇಳಿದಷ್ಟು ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೇನ್ ಬೇಡ, ರಕ್ತಸ್ರಾವ ಹೆಚ್ಚೀತು.

ಬಂಧುಗಳೇ, ಏಳು ಸಮುದ್ರ ದಾಟಿ ಬಂದ ನಾವು ಹಣೆ ಮುಟ್ಟಿ ನೋಡಲಾರೆವು. ಆದರೆ 'ರಿಪೋರ್ಟು ನೆಗೆಟಿವ್ ತಾನೇ?' ಎನ್ನುವ ಬದಲು 'ಜ್ವರ ಎಷ್ಟನೇ ದಿನದ್ದಮ್ಮಾ? ಯಾವ ಪರೀಕ್ಷೆ ಮಾಡಿದರು?' ಎಂದು ಕೇಳಬಲ್ಲೆವು. ಮನೆಕೆಲಸಕ್ಕೆ ಬರುವಾಕೆಯ ಮನೆಯ ಡ್ರಮ್ಮಿಗೂ ಮುಚ್ಚಳ ಕೊಡಿಸಿ ಎನ್ನಬಲ್ಲೆವು. ಸೊಳ್ಳೆಗೆ ಬಡವ ಬಲ್ಲಿದ ಭೇದವಿಲ್ಲ. ಈ ಸಂಜೆ ಕೂಡುವ ಹಣದ ಜೊತೆಗೆ ಈ ತಿಳಿವಳಿಕೆಯನ್ನೂ ಊರಿಗೆ ತಲುಪಿಸೋಣ.